ಗುಡಿಸಿ ತೊಳೆದ ಹಳ್ಳ: ಕುಣಿಯುವ ಕಪ್ಪೆಯ ನೆರವಿಗೆ ಬಂದ ಒಂದು ಕಂಪನಿಯ ಪ್ರಕರಣ

ಮೊದಲ ವರ್ಷದ ವರದಿಯಲ್ಲಿ ಒಂದು ಫೋಟೊ ಇದೆ. ಮಾರ್ಚ್ ತಿಂಗಳ ಬೆಳಗಿನ ಬಿಸಿಲು, ತಳ ಕಾಣುವಷ್ಟು ತಿಳಿಯಾದ ಹಳ್ಳ, ದಡದಲ್ಲಿ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಸಾಲಾಗಿ ನಿಂತ ಕಂಪನಿ ನೌಕರರು. ಅವರ ಹಿಂದೆ ಆಳೆತ್ತರದ ಒಂದು ರಾಶಿ: ಹಳ್ಳದಿಂದ ಎತ್ತಿ ಹಾಕಿದ ದರಗು (ಉದುರಿದ ಎಲೆ), ಕೊಳೆತ ಕೊಂಬೆ, ಹೂಳು, ಮರಳು, ಕಲ್ಲು. ಫೋಟೊ ತೆಗೆದವನು ನಾನೇ. ಆ ದಿನ ಅದನ್ನು ನೋಡಿ ತುಂಬ ಹೆಮ್ಮೆಪಟ್ಟಿದ್ದೆ. ಈಗ ತರಬೇತಿಗಳಿಗೆ ಹೋದಾಗಲೆಲ್ಲ ಅದೊಂದನ್ನು ತಪ್ಪದೆ ತೋರಿಸುತ್ತೇನೆ. ನಾವು ಮಾಡಿದ ತಪ್ಪು ಇಡಿಯಾಗಿ ಆ ರಾಶಿಯಲ್ಲಿದೆ.

ಇದು ಒಂದು ಕಂಪನಿ, ಎರಡು ಕಾಫಿ ತೋಟ, ಒಂದು ಹಳ್ಳ ಮತ್ತು ಅಳಿವಿನ ಅಂಚಿನಲ್ಲಿರುವ ಒಂದು ಕಪ್ಪೆಯ ವಿಷಯ. ನಾನು ಕೆಲಸ ಮಾಡುವ ಸಣ್ಣ ಸಂಸ್ಥೆ ಇವರೆಲ್ಲರ ನಡುವೆ ಓಡಾಡಿಕೊಂಡಿತ್ತು. ಕಂಪನಿ, ತೋಟ, ಊರು ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಕಪ್ಪೆಯ ಪ್ರಭೇದವನ್ನೂ ಹೇಳುವುದಿಲ್ಲ. ಈ ಕುಲದ ಹಲವು ಕಪ್ಪೆಗಳು ಒಂದೆರಡು ಕಣಿವೆಗಳಲ್ಲಷ್ಟೇ ಇವೆ. ಪ್ರಭೇದ ಹೇಳಿದರೆ ಊರಿನ ದಾರಿ ಹೇಳಿದ ಹಾಗೆ.

ಕಪ್ಪೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಸರಿಯಾಗಿ ತಿಳಿದುಕೊಳ್ಳದೆ ಹೊರಟದ್ದೇ ನಮ್ಮ ಮೊದಲ ಎಡವಟ್ಟು. ಇವು ಮೈಕ್ರಿಕ್ಸಲಸ್ ಎಂಬ ಕುಲದವು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯೂ ಇದೇ ಕುಲದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣರಾವ್ ಅದನ್ನು 1937ರಲ್ಲಿ ಲೋಕಕ್ಕೆ ಪರಿಚಯಿಸಿದರು. 2014ರಲ್ಲಿ ಒಂದೇ ಪ್ರಬಂಧದಲ್ಲಿ ಇನ್ನೂ 14 ಪ್ರಭೇದಗಳು ಸೇರಿ ಒಟ್ಟು 24 ಆದವು. 2023ರಲ್ಲಿ ಜಗತ್ತಿನ ಉಭಯವಾಸಿಗಳ ಎರಡನೇ ಸಮಗ್ರ ಮೌಲ್ಯಮಾಪನ ಹೊರಬಂದಾಗ, ಪ್ರತಿ ಐದು ಉಭಯವಾಸಿ ಪ್ರಭೇದಗಳಲ್ಲಿ ಎರಡು ಅಪಾಯದಲ್ಲಿವೆ ಎಂದು ತಿಳಿಯಿತು. ಈ 24ರಲ್ಲಂತೂ 2 ತೀವ್ರ ಅಪಾಯದ ಪಟ್ಟಿಯಲ್ಲಿ, 15 ಅಪಾಯದ ಪಟ್ಟಿಯಲ್ಲಿ.

ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಗಾತ್ರದ ಕಪ್ಪೆ. ಒದ್ದೆ ಬಂಡೆಯ ಮೇಲೆ ಕೂತರೆ ಬಂಡೆಯದೇ ಬಣ್ಣ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದೆ ಹೋಗುವುದರಿಂದ ಗಂಡು ಕಪ್ಪೆ ಕೂಗುವುದರ ಜೊತೆಗೆ ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳು ಬಿಡಿಸಿ, ನಡುವಿನ ಜಾಲಪೊರೆಯನ್ನು ಬಾವುಟದಂತೆ ಬೀಸುತ್ತದೆ. ಹಗಲು ಹೊತ್ತಿನಲ್ಲೇ. ಹತ್ತಿರದ ಕಲ್ಲಿನ ಮೇಲೆ ಇನ್ನೊಂದು ಗಂಡು ಕೂತಿದ್ದರೆ ಅದೂ ಕಾಲು ಬೀಸಿ ಉತ್ತರ ಕೊಡುತ್ತದೆ. ಮಳೆಗಾಲದ ಅಬ್ಬರ ಇಳಿದು ಹಳ್ಳ ಒಂದು ಹದಕ್ಕೆ ಬಂದ ಮೇಲೆ, ಹಸ್ತ ಮಳೆಯಿಂದ ಆಚೆಗೆ ಚಿತ್ತ, ಸ್ವಾತಿ, ವಿಶಾಖದ ದಿನಗಳು ಇದರ ಕಾಲ. ಹೆಣ್ಣು ಹಳ್ಳದ ತಳವನ್ನು ಹಿಂಗಾಲಿನಿಂದ ಕೆದರಿ, ಮರಳು, ನೊರಜಿನ (ಸಣ್ಣ ಕಲ್ಲಿನ) ನಡುವೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಗೊದಮೊಟ್ಟೆಗಳು ಕೆರೆಯ ಗೊದಮೊಟ್ಟೆಗಳ ಹಾಗೆ ನೀರಲ್ಲಿ ಈಜಾಡಿಕೊಂಡಿರುವುದಿಲ್ಲ. ಹಾವುಮೀನಿನಂಥ ಉದ್ದ ಮೈಯಲ್ಲಿ ಮರಳಿನೊಳಗೇ ತೂರಿಕೊಂಡು ಬದುಕುತ್ತವೆ. ಇದು ವಿಜ್ಞಾನಿಗಳಿಗೇ ಖಚಿತವಾಗಿ ಗೊತ್ತಾಗಿ ಪ್ರಕಟವಾದದ್ದು 2016ರಲ್ಲಿ.

ಮರಳಿನೊಳಗೆ ಬದುಕುತ್ತವೆ ಎಂಬ ಈ ಒಂದು ಸಂಗತಿ ನಮ್ಮ ಯೋಜನೆಯ ಕಡತದಲ್ಲೂ ಇತ್ತು. ಸಂಶೋಧಕಿಯೊಬ್ಬರು ಕೊಟ್ಟ ಟಿಪ್ಪಣಿಯ ಎರಡನೇ ಪುಟದಲ್ಲಿ. ನಾನು ಓದಿದ್ದೆ. ಓದಿಯೂ ಮಾರ್ಚ್‌ನಲ್ಲಿ ಗುದ್ದಲಿ ಹಂಚಿದೆ.

ಕಂಪನಿ ಮತ್ತು ಕ್ಯಾಲೆಂಡರು

ಕಂಪನಿ ಬೆಂಗಳೂರಿನದು, ಯಂತ್ರದ ಬಿಡಿಭಾಗ ತಯಾರಿಸುವುದು. ಕಾಫಿಗೂ ಕಾಡಿಗೂ ಅದರ ವ್ಯಾಪಾರದಲ್ಲಿ ಸಂಬಂಧವಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎಂಬ ಪಟ್ಟಿ ಅದೇ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಪರಿಸರ, ಸಸ್ಯ, ಪ್ರಾಣಿಗಳ ರಕ್ಷಣೆಯೂ ಅದರಲ್ಲಿ ಸೇರಿದೆ. ಈ ಕಂಪನಿ ವರ್ಷವರ್ಷ ಶಾಲೆಗಳಿಗೆ ಬೆಂಚು, ಶೌಚಾಲಯ ಕೊಡುತ್ತಿತ್ತು. ಈ ಸಾಮಾಜಿಕ ಕೆಲಸ ನೋಡಿಕೊಳ್ಳುವ ಸಿಎಸ್‌ಆರ್ ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥೆ ಮಲೆನಾಡಿನವರು. ಹುಲಿ, ಆನೆಗಳಿಗೆ ಕೊಡುವವರು ಬಹಳ ಜನ ಇದ್ದಾರೆ, ಕಪ್ಪೆಗೆ ಕೊಡುವವರು ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು. ಆಡಳಿತ ಮಂಡಳಿಯನ್ನು ಒಪ್ಪಿಸಿದ್ದೂ ಅವರೇ. ಮುಂದೆ ಅವರನ್ನು ಮೇಡಂ ಎಂದೇ ಕರೆಯುತ್ತೇನೆ, ನಾವು ಕರೆಯುತ್ತಿದ್ದುದೂ ಹಾಗೆಯೇ.

ಹಳ್ಳ ಮೇಲಿನ ಕಾಡಿನ ಅಂಚಿನಲ್ಲಿ ಹುಟ್ಟಿ ಎರಡು ತೋಟಗಳ ನಡುವೆ ಇಳಿದು ಅಡಿಕೆ ಬಾಗಾಯ್ತು, ಗದ್ದೆಗಳ ಕಡೆ ಹೋಗುತ್ತದೆ. ದಾಖಲೆಯಲ್ಲಿ ಹಳ್ಳ ಸರ್ಕಾರಿ ಖರಾಬು. ಎರಡು ದಡಗಳು ಮಾತ್ರ ಇಬ್ಬರು ಬೆಳೆಗಾರರವು. ಮೇಲಿನ ತೋಟ ಹಳೆಯ ಅರೇಬಿಕಾ, ದಟ್ಟ ನೆರಳು. ಕೆಳಗಿನದರಲ್ಲಿ ಹೆಚ್ಚು ಭಾಗ ರೊಬಸ್ಟಾ, ಸಿಲ್ವರ್ ಓಕ್ ಸಾಲು, ಮೆಣಸು. ಕಪ್ಪೆ ಮೇಲಿನ ಭಾಗದಲ್ಲಿ ಚೆನ್ನಾಗಿತ್ತು, ಕೆಳಗೆ ಬರಬರುತ್ತ ವಿರಳ. ಹತ್ತು ವರ್ಷದ ಹಿಂದೆ ಕೆಳಗಿನ ಸೇತುವೆಯವರೆಗೂ ಇತ್ತು ಎಂದು ಹಳೆಯ ಕೆಲಸಗಾರರು ಹೇಳುತ್ತಿದ್ದರು.

ಕೆಳಗೆ ಕಪ್ಪೆ ಯಾಕೆ ಕಡಿಮೆಯಾಯಿತು? ನಮ್ಮ ಮುಂದೆ ಇದ್ದದ್ದು ಇದೊಂದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಕನಿಷ್ಠ ಒಂದು ವರ್ಷ ಹಳ್ಳದ ಜೊತೆ ಇರಬೇಕಿತ್ತು. ಆದರೆ ಹಣ ಮಂಜೂರಾದದ್ದು ಡಿಸೆಂಬರ್ ಕೊನೆಯಲ್ಲಿ. ಖರ್ಚಾಗಬೇಕಾದದ್ದು ಮಾರ್ಚ್ 31ರೊಳಗೆ.

ಸಂಘಸಂಸ್ಥೆಗಳಲ್ಲಿ ಕೆಲಸ ಮಾಡಿದವರಿಗೆ ಈ ಮೂರು ತಿಂಗಳ ಅವಸರ ಗೊತ್ತು. ಮೊದಲ ಕರಡಿನಲ್ಲಿ ಕಂಪನಿ ಕಡೆಯಿಂದ ಕಿಂಡಿ ಅಣೆಕಟ್ಟು, ಹಳ್ಳದ ಬದಿಯಲ್ಲಿ ಕಲ್ಲುಹಾಸಿನ ದಾರಿ, ಮಾಹಿತಿ ಫಲಕಗಳಿದ್ದವು. ಅಣೆಕಟ್ಟು ಬೇಡವೆಂದು ನಾವು ಹೇಳಿದೆವು, ಅಷ್ಟು ತಿಳಿವಳಿಕೆ ನಮಗಿತ್ತು. ಹರಿಯುವ ನೀರಿನ ಕಪ್ಪೆಗೆ ನಿಂತ ನೀರು ಮನೆಯಾಗುವುದಿಲ್ಲ. ಅಣೆಕಟ್ಟಿನ ಬದಲು ಏನು ಎಂದು ಅವರು ಕೇಳಿದಾಗ ನಾವೇ ಮುಂದಿಟ್ಟದ್ದು ಹಳ್ಳದ ಸ್ವಚ್ಛತೆ. ಪ್ಲಾಸ್ಟಿಕ್, ಗೊಬ್ಬರದ ಚೀಲ, ಬಾಟಲಿ ತೆಗೆಯುವುದು ಅದರ ಉದ್ದೇಶ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು.

ಆ ಭಾನುವಾರ ಎರಡು ಬಸ್ಸು ತುಂಬ ಜನ ಬಂದರು. ಎಲ್ಲರಲ್ಲೂ ಉತ್ಸಾಹ. ಪ್ಲಾಸ್ಟಿಕ್ ಹನ್ನೊಂದು ಗಂಟೆಗೆಲ್ಲ ಮುಗಿಯಿತು. ಊಟಕ್ಕೆ ಇನ್ನೂ ಹೊತ್ತಿತ್ತು. ಯಾರೋ ದರಗು ಎಳೆಯಲು ಶುರು ಮಾಡಿದರು, ಇನ್ನಾರೋ ಹೂಳು ಎತ್ತಿದರು, ನೀರಿಗೆ ಅಡ್ಡವಾಗಿದೆ ಎಂದು ಕಲ್ಲು ಸರಿಸಿದರು. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ನನ್ನ ಬಳಿ ಬಂದು ಮೆಲ್ಲಗೆ, "ಸಾರ್, ಇದೆಲ್ಲ ತೆಗೀಬೇಕಾ?" ಎಂದರು. ನಾನು "ನೀರು ಚೆನ್ನಾಗಿ ಹರೀಲಿ ಬಿಡಿ" ಎಂದೆ. ಮೂವತ್ತು ವರ್ಷ ಆ ಹಳ್ಳ ನೋಡಿದವರು ಅವರು. ಅವರ ಪ್ರಶ್ನೆಗೆ ಒಂದು ನಿಮಿಷ ನಿಂತಿದ್ದರೆ ಸಾಕಿತ್ತು.

ಕಾರ್ತಿಕದ ಮೌನ

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಸ್ವಾತಿ ಮಳೆಯ ಹೊತ್ತಿಗೆ ಸಂಶೋಧಕಿ ಬಂದರು. ಮೇಲಿನ ಭಾಗದಲ್ಲಿ ಬಂಡೆ ಬಂಡೆಗೂ ಕಾಲು ಬೀಸುವ ಗಂಡುಗಳು. ನಾವು ಸ್ವಚ್ಛ ಮಾಡಿದ ಮೂರು ತಿರುವುಗಳಲ್ಲಿ ಒಂದೂ ಇಲ್ಲ. ಎರಡು ದಿನ, ಮೂರು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ನೋಡಿದೆವು. ಹಿಂದಿನ ವರ್ಷ ಅಲ್ಲಿ ಕಡಿಮೆ ಇದ್ದವು ನಿಜ, ಆದರೆ ಇದ್ದವು.

ಸಂಶೋಧಕಿ ಕೋಪ ಮಾಡಿಕೊಳ್ಳಲಿಲ್ಲ. ದಡದ ಮೇಲೆ ಹುಲ್ಲು ಬೆಳೆದು ನಿಂತಿದ್ದ ಆ ರಾಶಿಯ ಬಳಿ ಹೋಗಿ ಒಂದು ಹಿಡಿ ಮರಳು ನೊರಜು ಎತ್ತಿ ತೋರಿಸಿದರು. "ಮರಿಗಳು ಇದರೊಳಗೆ ಇರೋದು. ಮಾರ್ಚ್‌ನಲ್ಲಿ ಇದನ್ನ ಎತ್ತಿದ್ರೆ ಒಂದು ವರ್ಷದ ಸಂತಾನ ಎತ್ತಿ ದಡಕ್ಕೆ ಹಾಕಿದ ಹಾಗೆ. ಕೂತು ಕುಣಿಯೋ ಕಲ್ಲೂ ಇಲ್ಲೇ ಇದೆಯಲ್ಲ."

ಬೇರೆ ಕಾರಣಗಳೂ ಸೇರಿರಬಹುದು, ಒಂದು ಹಳ್ಳದ ಒಂದು ವರ್ಷದಿಂದ ಎಲ್ಲವನ್ನೂ ತೀರ್ಮಾನಿಸಲಾಗದು ಎಂದು ಅವರೇ ಹೇಳಿದರು. ಆದರೆ ಕೈ ಹಾಕದ ಮೇಲಿನ ಭಾಗದಲ್ಲಿ ಕಪ್ಪೆ ಇದ್ದು, ಕೈ ಹಾಕಿದ ಭಾಗದಲ್ಲಿ ಮಾತ್ರ ಇಲ್ಲವೆಂದಾಗ ನನಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಈ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಅರ್ಧವಾರ್ಷಿಕ ವರದಿ ಕಳಿಸುವ ಸಮಯ ಹತ್ತಿರವಾಗಿತ್ತು. ಸಂಸ್ಥೆಯೊಳಗೆ ಎರಡು ದಿನ ಚರ್ಚೆ ನಡೆಯಿತು. "ಸಮೀಕ್ಷೆ ಮುಂದುವರಿದಿದೆ" ಎಂದು ಬರೆದರೆ ಸುಳ್ಳೇನೂ ಆಗುತ್ತಿರಲಿಲ್ಲ. ಹಣ ನಿಂತರೆ ನಾಲ್ಕು ಜನರ ಸಂಬಳ ನಿಲ್ಲುತ್ತದೆ ಎಂಬುದೂ ಸಣ್ಣ ಮಾತಲ್ಲ, ಅದನ್ನು ಹೇಳಿದ ಸಹೋದ್ಯೋಗಿಯನ್ನು ನಾನು ದೂರುವುದಿಲ್ಲ. ಕೊನೆಗೆ ನಡೆದದ್ದನ್ನು ನಡೆದ ಹಾಗೆ ಬರೆದೆವು: ನಮ್ಮ ಸ್ವಚ್ಛತಾ ಕಾರ್ಯದಿಂದ ಹಳ್ಳದ ಆ ಭಾಗಕ್ಕೆ ಹಾನಿಯಾಗಿದೆ, ತಪ್ಪು ಸಂಸ್ಥೆಯದು, ಕಂಪನಿ ನೌಕರರದಲ್ಲ. ವರದಿ ಕಳಿಸುವ ಮೊದಲು ಬೆಂಗಳೂರಿಗೆ ಹೋಗಿ ಮೇಡಂ ಎದುರಿಗೆ ಕೂತು ಹೇಳಿದೆ.

ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಮಾರ್ಚ್ ಅನ್ನೋದು ಇಲ್ದಿದ್ರೆ ನೀವು ಏನ್ ಮಾಡ್ತಿದ್ರಿ?"

"ಒಂದು ವರ್ಷ ಏನೂ ಮಾಡ್ತಿರಲಿಲ್ಲ ಮೇಡಂ. ನೋಡ್ತಿದ್ವಿ."

"ನೋಡೋದಕ್ಕೆ ದುಡ್ಡು ಎಷ್ಟು ಬೇಕು?"

ಅವರು ಕಾನೂನಿನಲ್ಲಿ ದಾರಿ ಹುಡುಕಿದರು, ದಾರಿ ಇತ್ತು. ಒಂದೇ ವರ್ಷದ ಕೆಲಸವಾದರೆ ಖರ್ಚಾಗದ ಹಣವನ್ನು ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಆದರೆ ಆಡಳಿತ ಮಂಡಳಿ ಅದನ್ನು ಚಾಲ್ತಿ ಯೋಜನೆ ಎಂದು ಅಂಗೀಕರಿಸಿದರೆ, ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. 2021ರಿಂದ ಜಾರಿಗೆ ಬಂದ ಈ ವ್ಯವಸ್ಥೆ ಅನೇಕ ಸಂಸ್ಥೆಗಳಿಗೆ ಗೊತ್ತಿಲ್ಲ, ಗೊತ್ತಿರುವ ಕಂಪನಿಗಳೂ ಲೆಕ್ಕಪತ್ರದ ತೊಡಕಿಗೆ ಹೆದರಿ ಬಳಸುವುದಿಲ್ಲ. ಮೇಡಂ ನಮ್ಮ ತಪ್ಪಿನ ವರದಿಯನ್ನೇ ಸಮಿತಿಯ ಮುಂದಿಟ್ಟು, ಅವಸರದಿಂದ ಹೀಗಾಯಿತು, ಆದ್ದರಿಂದ ಅವಧಿ ಬೇಕು ಎಂದು ವಾದಿಸಿದರು. ಮಾರ್ಚ್ ಲೆಕ್ಕದಿಂದ ನಕ್ಷತ್ರದ ಲೆಕ್ಕಕ್ಕೆ ನಾವು ಬಂದದ್ದು ಹಾಗೆ.

ಅದೇ ಸಭೆಯಲ್ಲಿ ನಿರ್ದೇಶಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಹೇಳಬೇಕು: ಕಪ್ಪೆಗಳನ್ನು ಹಿಡಿದು ಪ್ರಯೋಗಾಲಯದಲ್ಲಿ ಮರಿ ಮಾಡಿಸಿ ತಂದು ಬಿಡಬಾರದೇಕೆ? ಸಂಶೋಧಕಿ ಅದಕ್ಕೆ ತಾಂಜಾನಿಯದ ಕಿಹಾನ್ಸಿ ಜಲಪಾತದ ಕಥೆ ಹೇಳಿದರು. ಜಲಪಾತದ ತುಂತುರು ಬೀಳುವ ಸುಮಾರು ಎರಡು ಹೆಕ್ಟೇರ್ ಜಾಗದಲ್ಲಿ ಮಾತ್ರ ಬದುಕಿದ್ದ ಪುಟ್ಟ ನೆಲಗಪ್ಪೆ ಅದು. 2000ದಲ್ಲಿ ವಿದ್ಯುತ್ ಯೋಜನೆಗೆ ನೀರು ತಿರುಗಿದಾಗ ತುಂತುರು ನಿಂತಿತು. ಕೃತಕ ಸಿಂಪಡಣೆ ಹಾಕಿದರು. 2003ರಲ್ಲಿ ಅಲ್ಲಿನ ಸಂಖ್ಯೆ ಕುಸಿಯಿತು, 2009ರಲ್ಲಿ ಕಾಡಿನಲ್ಲಿ ಅಳಿದಿದೆ ಎಂದು ಘೋಷಿಸಿದರು. ಅಮೆರಿಕಕ್ಕೆ ಮೊದಲೇ ಒಯ್ದಿದ್ದ 499 ನೆಲಗಪ್ಪೆಗಳ ಸಂತತಿಯಿಂದ 2012ರಲ್ಲಿ ಮತ್ತೆ ಕಣಿವೆಗೆ ಬಿಡತೊಡಗಿದರು. ಮೃಗಾಲಯಗಳು ಆ ಜೀವವನ್ನು ಉಳಿಸಿದವು, ಸಂದೇಹವಿಲ್ಲ. ಆದರೆ ನೀರು ತಪ್ಪಿಸಿ ಆಮೇಲೆ ಅದನ್ನು ಹಿಂದಕ್ಕೆ ತರುವುದು ಎಷ್ಟು ವರ್ಷದ, ಎಷ್ಟು ಕೈಗಳ ಕೆಲಸ! "ನಮ್ಮ ಹಳ್ಳದಲ್ಲಿ ನೀರು ಇನ್ನೂ ಇದೆ ಸರ್" ಎಂದು ಮುಗಿಸಿದರು. ನಿರ್ದೇಶಕರು ಆ ಪ್ರಸ್ತಾಪವನ್ನು ಮತ್ತೆ ಎತ್ತಲಿಲ್ಲ.

ಒಂದು ವರ್ಷ ನೋಡಿದ್ದು

ಎರಡನೇ ವರ್ಷದ ದೊಡ್ಡ ಖರ್ಚು ಸಂಬಳ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದ ಒಬ್ಬ ಹುಡುಗಿ, ಪಿಯುಸಿ ಮುಗಿಸಿ ಮುಂದೆ ಓದಲಾಗದೆ ಇದ್ದವಳು, ದಿನಕ್ಕೆರಡು ಸಲ ಹಳ್ಳದ ಐದು ಜಾಗಗಳಿಗೆ ಹೋಗಿ ನೀರಿನ ಮಟ್ಟ, ಬಣ್ಣ, ಕಂಡ ಕಪ್ಪೆ ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವ ಕೆಲಸ ಹಿಡಿದಳು. ರೈಟರ್ ಬಿಡುವಾದಾಗ ಅವಳ ಜೊತೆ ಹೋಗುತ್ತಿದ್ದರು. ನಾನು ತಿಂಗಳಿಗೊಮ್ಮೆ ಹೋಗಿ ಪುಸ್ತಕ ಓದುತ್ತಿದ್ದೆ. ನನ್ನ ವೃತ್ತಿಯಲ್ಲಿ ಅಷ್ಟು ಕಲಿಸಿದ ಬೇರೊಂದು ಪುಸ್ತಕವಿಲ್ಲ.

ಫೆಬ್ರವರಿಯ ಪುಟಗಳಲ್ಲಿ ನೀರಿನ ಮಟ್ಟ ಒಂದೇ ರಾತ್ರಿಯಲ್ಲಿ ಧಡಕ್ಕನೆ ಇಳಿದಿತ್ತು. ಬೇಸಿಗೆಯ ಇಳಿಕೆ ಹಾಗಿರುವುದಿಲ್ಲ, ಅದು ದಿನಕ್ಕೊಂದು ಕೂದಲೆಳೆಯಷ್ಟು ಇಳಿಯುತ್ತದೆ. ಅದು ಪಂಪಿನ ಗುರುತು. ಕಾಫಿ ಗಿಡ ಹೂ ಬಿಡಲೆಂದು ಹೂವಿನ ನೀರು ಕೊಡುವ ಕಾಲ. ಎರಡೂ ತೋಟದವರು ಒಂದೇ ವಾರ, ಕರೆಂಟ್ ಇರುವ ಅದೇ ರಾತ್ರಿ ಹೊತ್ತಿನಲ್ಲಿ ಪಂಪ್ ಹಾಕುತ್ತಿದ್ದರು. ಬೆಳಗಾಗುವಷ್ಟರಲ್ಲಿ ಹಳ್ಳ ಅಲ್ಲಲ್ಲಿ ಹೊಂಡಗಳಾಗಿ ತುಂಡಾಗಿ, ನಡುವಿನ ಮರಳು ಒಣಗಿರುತ್ತಿತ್ತು. ಮರಳೊಳಗಿನ ಮರಿಗಳಿಗೆ ಅದಕ್ಕಿಂತ ದೊಡ್ಡ ಆಪತ್ತು ಬೇರೇನಿದೆ?

ಮೇ ಕೊನೆಯಲ್ಲಿ "ನೀರು ನೀಲಿ" ಎಂದು ಬರೆದಿದ್ದಳು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ ಡ್ರಮ್ಮು, ಪೈಪು ಎಲ್ಲವನ್ನೂ ಹಳ್ಳದಲ್ಲೇ ತೊಳೆಯುವುದು ರೂಢಿ. ತಾಮ್ರ ಗೊದಮೊಟ್ಟೆಗಳಿಗೆ ವಿಷ. ಮರಗಸಿ ಮಾಡುವಾಗ, ಎಂದರೆ ನೆರಳು ತಗ್ಗಿಸಲು ಕೊಂಬೆ ಕಡಿಯುವಾಗ, ದಡದ ಮರಗಳನ್ನೂ ಸೇರಿಸಿ ಕಡಿದದ್ದರಿಂದ ಬಂಡೆಗಳ ಮೇಲೆ ನೇರ ಬಿಸಿಲು ಬೀಳುತ್ತಿತ್ತು. ಆಗಸ್ಟ್‌ನಲ್ಲಿ ಕೆಳಗಿನ ತೋಟದ ಕೆರೆ ಕೋಡಿ ಬಿದ್ದಾಗ ಹಳ್ಳದಲ್ಲಿ ಸಣ್ಣ ಮೀನುಗಳ ಹಿಂಡು ಕಂಡವು; ಸೊಳ್ಳೆ ಮರಿ ತಿನ್ನಲಿ ಎಂದು ಯಾವಾಗಲೋ ಕೆರೆಗೆ ಬಿಟ್ಟ ಗಾಂಬೂಸಿಯಾ. ಸೊಳ್ಳೆ ಮರಿಯೊಂದನ್ನೇ ತಿಂದು ಸುಮ್ಮನಿರುವ ಮೀನಲ್ಲ ಅದು, ಕಪ್ಪೆಯ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ.

ಇವುಗಳಲ್ಲಿ ಡ್ರಮ್ಮಿನ ವಿಷಯ ಬೇಗ ಬಗೆಹರಿಯಿತು: ಹಳ್ಳದಿಂದ ದೂರ ಒಂದು ಗುಂಡಿ, ಪಕ್ಕದಲ್ಲಿ ನೀರಿನ ತೊಟ್ಟಿ. ದಡದ ಮರಗಳಿಗೆ ಬಣ್ಣದ ಪಟ್ಟೆ ಹಚ್ಚಿ, ಪಟ್ಟೆ ಇದ್ದ ಮರಕ್ಕೆ ಕತ್ತಿ ಹಾಕಬಾರದೆಂದು ಮೇಸ್ತ್ರಿಗೆ ಹೇಳಿದ್ದಾಯಿತು. ಮೀನಿನ ವಿಷಯದಲ್ಲಿ ಲೈನ್ ಮನೆಯವರ ಆತಂಕ ನ್ಯಾಯವಾದದ್ದು, ಡೆಂಗಿ ಜ್ವರ ಅವರ ಮಕ್ಕಳಿಗೇ ಮೊದಲು ಬರುವುದು. ಆರೋಗ್ಯ ಇಲಾಖೆಯವರ ಜೊತೆ ಮಾತಾಡಿ, ಕೋಡಿ ಬೀಳದ ಸಿಮೆಂಟ್ ತೊಟ್ಟಿಗಳಲ್ಲಿ ಮಾತ್ರ ಮೀನು ಇಟ್ಟುಕೊಂಡು, ಏಪ್ರಿಲ್‌ನಲ್ಲಿ ಕೆರೆಯನ್ನು ಪೂರ್ತಿ ಒಣಗಿಸಿದೆವು. ಹಳ್ಳಕ್ಕೆ ಆಗಲೇ ಇಳಿದಿದ್ದ ಮೀನುಗಳನ್ನು ಪೂರ್ತಿ ತೆಗೆಯಲು ಇವತ್ತಿಗೂ ಆಗಿಲ್ಲ.

ಗುರುತಿನ ಕಲ್ಲು

ಕಷ್ಟವಾದದ್ದು ಪಂಪು. ಮೇಲಿನ ತೋಟದವರು ಮಳೆನೀರು ಹಿಡಿಯಲು ಹೊಸ ಹೊಂಡ ತೋಡುತ್ತೇನೆ, ಕಂಪನಿ ಹಣ ಕೊಟ್ಟರೆ ಹಳ್ಳದಿಂದ ಎತ್ತುವುದು ನಿಲ್ಲಿಸುತ್ತೇನೆ ಎಂದರು. ನಮಗೆ ಖುಷಿಯಾಯಿತು. ಮೇಡಂ ಒಪ್ಪಲಿಲ್ಲ. ಸಾಮಾಜಿಕ ಕೆಲಸದ ಹಣದಲ್ಲಿ ಒಬ್ಬ ಬೆಳೆಗಾರನ ಜಮೀನಿನಲ್ಲಿ ಆಸ್ತಿ ಕಟ್ಟಿಕೊಡಲು ಆಗುವುದಿಲ್ಲ ಎಂಬುದು ಅವರ ನಿಲುವು. ಆಗ ನನಗೆ ಅದು ಕಾಗದದ ಹಟ ಎನಿಸಿತ್ತು. ಈಗ ಅವರೇ ಸರಿ ಎನ್ನುತ್ತೇನೆ. ಒಬ್ಬರಿಗೆ ಹೊಂಡ ಕೊಟ್ಟಿದ್ದರೆ ಕೆಳಗಿನವರು ಜನ್ಮದಲ್ಲಿ ನಮ್ಮ ಜೊತೆ ಮಾತಾಡುತ್ತಿರಲಿಲ್ಲ. ಮೇಲಿನವರು ಕೊನೆಗೆ ಸ್ವಂತ ಖರ್ಚಿನಲ್ಲಿ ಸಣ್ಣ ಹೊಂಡ ಮಾಡಿಕೊಂಡರು. ಎಲ್ಲಿ ತೋಡಿದರೆ ನೀರು ನಿಲ್ಲುತ್ತದೆ ಎಂದು ಅಳತೆ ಮಾಡಿಕೊಟ್ಟ ಎಂಜಿನಿಯರ್ ಮಾತ್ರ ಕಂಪನಿಯವರು.

ಕೆಳಗಿನ ತೋಟದ ಗೌಡರು ಮೊದಲ ದಿನವೇ ಖಡಾಖಂಡಿತ ಹೇಳಿದರು: "ನೋಡಿ ಮಾರಾಯ್ರೆ, ಹೂವಿನ ನೀರು ಒಂದು ವಾರ ತಡ ಆದ್ರೆ ನನ್ನ ಒಂದು ವರ್ಷದ ಫಸಲು ಹೋಯ್ತು. ಬ್ಯಾಂಕಿನವರು ಕಪ್ಪೆ ಇದೆ ಅಂತ ಬಡ್ಡಿ ಬಿಡ್ತಾರಾ?"

ಇದಕ್ಕೆ ಉತ್ತರ ನಮ್ಮ ಬಳಿ ಇರಲಿಲ್ಲ, ಹಾಗೆಂದೇ ಹೇಳಿದೆವು. ಹಳ್ಳದ ನೀರು ಬಳಸಬೇಡಿ ಎಂದು ಅವರನ್ನು ಕೇಳುವ ನೈತಿಕ ಬಲವೂ ನಮಗಿರಲಿಲ್ಲ, ಅವರ ಹಳ್ಳದ ತಳವನ್ನು ಎತ್ತಿ ದಡಕ್ಕೆ ಹಾಕಿದವರು ನಾವು. ಮೂರು ಸಲ ಅವರ ಮನೆ ಜಗುಲಿಯಲ್ಲಿ ಕಾಫಿ ಕುಡಿದು ಬರಿಗೈಲಿ ಬಂದೆವು. ನಾಲ್ಕನೇ ಸಲ ಹುಡುಗಿಯ ಪುಸ್ತಕ ತೆಗೆದುಕೊಂಡು ಹೋದೆ. ಗೌಡರು ಕನ್ನಡಕ ಹಾಕಿಕೊಂಡು ಫೆಬ್ರವರಿಯ ಪುಟಗಳನ್ನು ನಿಧಾನವಾಗಿ ಓದಿದರು. ಅವರ ಕಣ್ಣಿಗೆ ಬಿದ್ದದ್ದು ಕಪ್ಪೆಯಲ್ಲ. ಮೇಲಿನ ತೋಟದವರು ಪಂಪ್ ಹಾಕಿದ ರಾತ್ರಿ ತಮ್ಮ ಪಂಪಿಗೆ ನೀರು ಸಾಲದೆ ಗಾಳಿ ಎಳೆಯುತ್ತಿತ್ತು ಎಂಬುದು.

ಆಗ ರೈಟರ್ ಹೇಳಿದ ಮಾತಿನಿಂದ ದಾರಿ ತೆರೆಯಿತು. ಹಿಂದೆ ಗದ್ದೆಗೆ ನೀರು ಹಂಚುವಾಗ ಸರದಿ ಇರುತ್ತಿತ್ತಲ್ಲ, ಇದಕ್ಕೂ ಹಾಗೆ ಮಾಡಬಾರದೇಕೆ? ಒಂದು ರಾತ್ರಿ ಮೇಲಿನವರು, ಒಂದು ರಾತ್ರಿ ಕೆಳಗಿನವರು. ಪಂಪಿನ ಹೊಂಡದ ಕೆಳಗೆ ಒಂದು ಬಂಡೆಗೆ ಬಿಳಿ ಗೆರೆ ಎಳೆದು, ಗೆರೆ ಪೂರ್ತಿ ಹೊರಗೆ ಕಂಡರೆ ಯಾರ ಸರದಿಯಾದರೂ ಪಂಪ್ ನಿಲ್ಲಿಸುವುದು. ಗೆರೆ ಎಲ್ಲಿ ಎಳೆಯಬೇಕೆಂದು ಸಂಶೋಧಕಿ ಎರಡು ದಿನ ಹಳ್ಳದಲ್ಲೇ ಅಳೆದು, ಮರಳು ಒದ್ದೆಯಾಗಿ ಉಳಿಯುವ ಮಟ್ಟ ಹುಡುಕಿದರು. ಒಪ್ಪಂದ ಬಾಯಿಮಾತಿನದು. ಕಾಗದ ಮಾಡೋಣವೆಂದು ಕಂಪನಿಯ ವಕೀಲರು ಕೇಳಿದ್ದರು. ಗೌಡರು ಸಹಿ ಹಾಕುವವರಲ್ಲ, ಹೇಳಿದ ಮಾತು ತಪ್ಪುವವರೂ ಅಲ್ಲ ಎಂದು ರೈಟರ್ ಹೇಳಿದ್ದನ್ನೇ ನಂಬಿದೆವು.

ಮೊದಲ ಬೇಸಿಗೆಯಲ್ಲಿ ಎರಡು ಸಲ ನೀರು ಗೆರೆಗಿಂತ ಕೆಳಗೆ ಹೋಯಿತು. ಒಮ್ಮೆ ಕೆಳಗಿನ ತೋಟದವರಿಂದ, ಒಮ್ಮೆ ಮೇಲಿನವರಿಂದ. ಜಗಳವೂ ಆಯಿತು. ಆದರೆ ಹಳ್ಳ ತುಂಡಾಗಲಿಲ್ಲ.

ಇದೆಲ್ಲದರ ನಡುವೆ ನಡೆದ ಇನ್ನೊಂದು ಸಂಗತಿ. ಕಂಪನಿಯ ಯುವ ನೌಕರನೊಬ್ಬ ಅಕ್ಟೋಬರ್‌ನಲ್ಲಿ ತಾನಾಗಿಯೇ ಬಂದು, ಕುಣಿಯುವ ಕಪ್ಪೆಯ ಸುಂದರ ವಿಡಿಯೊ ಮಾಡಿ, ಜಾಗದ ಗುರುತಿನೊಂದಿಗೆ ಇನ್‌ಸ್ಟಾಗ್ರಾಂಗೆ ಹಾಕಿದ. ಪ್ರೀತಿಯಿಂದಲೇ. ಮುಂದಿನ ಎರಡು ವಾರಾಂತ್ಯ ಕ್ಯಾಮೆರಾ ಹೊತ್ತವರು ಬೂಟು ಹಾಕಿಕೊಂಡು ಹಳ್ಳದ ತಳದಲ್ಲೇ ಓಡಾಡಿದರು. ಮೊಟ್ಟೆ ಇಡುವ ಕಾಲ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಬೂಟಿನ ಕೆಸರಿನಲ್ಲಿ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗಬಲ್ಲದು. ಹುಡುಗ ವಿಡಿಯೊ ತೆಗೆದುಹಾಕಿ ಕ್ಷಮೆ ಕೇಳಿದ. ಅದರ ನಂತರ ಮೇಡಂ ತೆಗೆದುಕೊಂಡ ನಿರ್ಧಾರ ದೊಡ್ಡದು: ಹಳ್ಳದ ಬಳಿ ಕಂಪನಿಯ ಫಲಕ ಬೇಡ, ವಾರ್ಷಿಕ ವರದಿಯಲ್ಲಿ ಊರಿನ ಹೆಸರು ಬೇಡ, ನೌಕರರ ಭೇಟಿ ಬೇಡ. ಹಣ ಕೊಡುವ ಕಂಪನಿಗೆ ಸಿಗುವ ಹೆಸರೆಲ್ಲ ಈ ಮೂರರಲ್ಲೇ ಇರುವುದು. ಆಡಳಿತ ಮಂಡಳಿಗೆ ಅವರು ತೋರಿಸಿದ್ದು ಆ ಪುಸ್ತಕದಿಂದ ಮಾಡಿದ ನೀರಿನ ಮಟ್ಟದ ನಕ್ಷೆಯೊಂದನ್ನೇ. ಅದರಲ್ಲಿ ಎರಡು ಫೆಬ್ರವರಿಗಳು ಅಕ್ಕಪಕ್ಕ ಇದ್ದವು.

ಉಳಿದದ್ದು, ಉಳಿಯದ್ದು

ಹಾಳು ಮಾಡಿದ ಭಾಗವನ್ನು ಮತ್ತೆ ಸರಿ ಮಾಡುವುದು ಹೇಗೆ ಎಂದು ನಾವು ತುಂಬ ತಲೆ ಕೆಡಿಸಿಕೊಂಡೆವು. ರಾಶಿಯನ್ನು ವಾಪಸ್ ಹಳ್ಳಕ್ಕೆ ಹಾಕೋಣ ಎಂದು ನಾನು ಹೊರಟಿದ್ದೆ. ಸಂಶೋಧಕಿ ತಡೆದರು; ದೊಡ್ಡ ಬಂಡೆಗಳನ್ನಷ್ಟೇ ಬೇಸಿಗೆಯ ಕೊನೆಯಲ್ಲಿ ಕೈಯಿಂದ ಹೊತ್ತು ಇಟ್ಟೆವು. ಮರಳು, ನೊರಜು, ದರಗು ಮಳೆಗಾಲದ ನೀರೇ ತಂದು ಹಾಕಬೇಕು. ಅದು ಯಾವುದನ್ನು ಎಲ್ಲಿ ಇಡಬೇಕೆಂದು ಹಳ್ಳಕ್ಕೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಈಗ ನಮ್ಮ ಸಂಸ್ಥೆಯಲ್ಲಿ ಕೆಲವು ಕ್ರಮಗಳು ಬದಲಾಗಿವೆ. ಹೊಸ ಯೋಜನೆಗೆ ಹಣ ಕೊಡುವವರಿಗೆ ಮೊದಲೇ ಹೇಳುತ್ತೇವೆ: ಮೊದಲ ವರ್ಷ ಜೀವಿಯ ಒಂದು ಸುತ್ತು ಪೂರ್ತಿ ನೋಡುತ್ತೇವೆ, ಏನನ್ನೂ ಕಟ್ಟುವುದಿಲ್ಲ, ಎತ್ತುವುದಿಲ್ಲ. ಇದಕ್ಕೆ ಒಪ್ಪದ ಎರಡು ಕಂಪನಿಗಳ ಹಣವನ್ನು ಬಿಟ್ಟಿದ್ದೇವೆ. ಶ್ರಮದಾನಕ್ಕೆ ಬರುತ್ತೇವೆ ಎನ್ನುವ ನೌಕರರಿಗೆ ಹಳ್ಳದ ಬದಲು ನರ್ಸರಿಯಲ್ಲಿ ದಡದ ಜಾತಿಯ ಸಸಿಗಳಿಗೆ ಮಣ್ಣು ತುಂಬುವ ಕೆಲಸ ಕೊಡುತ್ತೇವೆ. ಅದರಿಂದಲೂ ಅವರಿಗೆ ಅಷ್ಟೇ ತೃಪ್ತಿ ಸಿಗುವುದನ್ನು ಕಂಡಿದ್ದೇನೆ. ಯಾವ ಸ್ಥಳಕ್ಕೆ ಹೋದರೂ ಕೆಲಸ ಶುರುವಾಗುವ ಮೊದಲು ರೈಟರ್ ಅಥವಾ ಅವರಂಥ ಹಿರಿಯರೊಬ್ಬರ ಹತ್ತಿರ "ಇದು ಮಾಡಬಹುದಾ?" ಎಂದು ಕೇಳಿ, ಅವರ ಉತ್ತರವನ್ನು ಕಡತದಲ್ಲಿ ಬರೆಯುತ್ತೇವೆ.

ಚಾಲ್ತಿ ಯೋಜನೆಯ ಅವಧಿ ಮುಗಿದಾಗ ಕಂಪನಿಯ ನೆರವೂ ಮುಗಿಯಿತು. ಮೇಡಂ ಬೇರೆ ಕಡೆ ಹೋದರು. ಹುಡುಗಿಯ ಸಂಬಳವನ್ನು ಸದ್ಯ ಇಬ್ಬರು ಬೆಳೆಗಾರರು ಅರ್ಧರ್ಧ ಕೊಡುತ್ತಿದ್ದಾರೆ. ಕಪ್ಪೆಗಾಗಿ ಅಲ್ಲ, ಪಂಪಿನ ಸರದಿಗೆ ಅವಳ ಲೆಕ್ಕ ಬೇಕು. ಹಾಗಿದ್ದರೂ ಪುಸ್ತಕದಲ್ಲಿ ಕಪ್ಪೆಯ ಕಾಲಂ ಇನ್ನೂ ಇದೆ, ಅವಳು ತುಂಬುತ್ತಲೇ ಇದ್ದಾಳೆ. ಕಾಫಿಯ ಬೆಲೆ ಬಿದ್ದ ವರ್ಷ ಈ ಏರ್ಪಾಡು ಉಳಿಯುತ್ತದೆಯೇ ಎಂಬ ಚಿಂತೆ ನನಗಿದೆ.

ಕಳೆದ ವಿಶಾಖ ಮಳೆಯ ಹೊತ್ತಿಗೆ ಹೋಗಿದ್ದೆ. ಸ್ವಚ್ಛ ಮಾಡಿದ ಮೂರು ತಿರುವುಗಳಲ್ಲಿ ಮೇಲಿನದರಲ್ಲಿ ನಾವು ಹೊತ್ತು ಇಟ್ಟ ಬಂಡೆಯ ಮೇಲೆ ಒಂದು ಗಂಡು ಕೂತಿತ್ತು. ಎದುರಿಗೆ ಬೇರೆ ಯಾವುದೂ ಇರಲಿಲ್ಲ. ಆದರೂ ಆಗಾಗ ಕಾಲು ಚಾಚಿ ಬೀಸುತ್ತಿತ್ತು. ಹುಡುಗಿ ಸಮಯ ನೋಡಿ ಪುಸ್ತಕದಲ್ಲಿ "1" ಎಂದು ಬರೆದಳು. ಉಳಿದ ಎರಡು ತಿರುವುಗಳ ಎದುರಿಗೆ ಸೊನ್ನೆ ಬರೆದು ಕೆಳಗಿನ ಸೇತುವೆ ಕಡೆಗೆ ಇಳಿದಳು.